ಮೆಥನಾಲ್ ಹುಟ್ಟುವುದು ಧೂಳಿನ ಮೇಲೆ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ದೈತ್ಯ ನಕ್ಷತ್ರಗಳು ರೂಪುಗೊಳ್ಳುವಾಗ ಸುತ್ತಲಿನ ರಸಾಯನ ಹೇಗೆ ಬದಲಾಗುತ್ತದೆ ಎಂಬ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಹಾಕಲಾಗದು. ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇವೆ. ಕನ್ನಡದಲ್ಲಿ ಬರಲೇಬೇಕಾದ ವಿಷಯವಿದು.

ದೊಡ್ಡ ತಪ್ಪು ಎರಡನೇ ಪುಟದಲ್ಲಿದೆ. ನಕ್ಷತ್ರಗಳು ಹುಟ್ಟುವ ಅನಿಲ-ಧೂಳಿನ ಮೋಡದೊಳಗೆ ಅನಿಲಗಳು ಡಿಕ್ಕಿ ಹೊಡೆದು ಮೆಥನಾಲ್ ಎಂಬ ಸರಳ ಆಲ್ಕೊಹಾಲ್ ಆಗುತ್ತದೆ ಎಂದಿದ್ದೀರಿ. ಆ ದಾರಿ ತೀರಾ ನಿಧಾನ. ದೂರದರ್ಶಕಕ್ಕೆ ಕಾಣುವಷ್ಟು ಮೆಥನಾಲ್ ಅದರಿಂದ ಸಿಗದು. ಅದು ತಯಾರಾಗುವುದು ಧೂಳಿನ ಕಣದ ಮೇಲೆ. ಅಂಥ ಒಂದೇ ಕಣವನ್ನು ಓದುಗರ ಕಣ್ಣೆದುರು ಇಡಿ. ಅಗಲ ಸುಮಾರು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಉಷ್ಣತೆ 10 ಕೆಲ್ವಿನ್, ಅಂದರೆ ಮೈನಸ್ 263 ಡಿಗ್ರಿ. ತಾಗಿದ ಕಾರ್ಬನ್ ಮಾನಾಕ್ಸೈಡ್ ಅಲ್ಲೇ ಅಂಟಿ ಹೆಪ್ಪುಗಟ್ಟುತ್ತದೆ. ಆ ಚಳಿಯಲ್ಲೂ ಹೈಡ್ರೋಜನ್ ಪರಮಾಣುಗಳು ಕಣದ ಮೈಮೇಲೆ ಓಡಾಡುತ್ತವೆ. ಕಾರ್ಬನ್ ಮಾನಾಕ್ಸೈಡಿಗೆ ಅಂಥ ಎರಡು ಪರಮಾಣು ಸೇರಿದರೆ ಫಾರ್ಮಾಲ್ಡಿಹೈಡ್, ನಾಲ್ಕು ಸೇರಿದರೆ ಮೆಥನಾಲ್.

ಹುಟ್ಟುತ್ತಿರುವ ನಕ್ಷತ್ರ ಸುತ್ತಲನ್ನು ಕಾಯಿಸುತ್ತದೆ; ಮುಂದಿನದನ್ನು ಆ ಉಷ್ಣತೆಯ ಏರಿಕೆಯ ಜೊತೆಗೇ ಹೇಳುತ್ತಾ ಹೋಗಿ. 20 ಕೆಲ್ವಿನ್ ದಾಟುತ್ತಿದ್ದಂತೆ ಕಾರ್ಬನ್ ಮಾನಾಕ್ಸೈಡ್ ಕಣ ಬಿಟ್ಟು ಏಳುತ್ತದೆ. ಎದ್ದದ್ದೇ, ಎರಡು ನೈಟ್ರೋಜನ್ ಒಂದು ಹೈಡ್ರೋಜನ್ ಇರುವ ಡಯಾಜೆನೈಲಿಯಂ ಎಂಬ ಅಯಾನಿನಿಂದ (ವಿದ್ಯುದಾವೇಶವಿರುವ ಅಣು) ಪ್ರೋಟಾನ್ ಕಿತ್ತುಕೊಂಡು ಆ ಅಯಾನನ್ನೇ ಇಲ್ಲವಾಗಿಸುತ್ತದೆ. ಹಾಗಾಗಿ ಈ ಅಯಾನು ಢಾಳಾಗಿ ಕಂಡರೆ ಅಲ್ಲಿನ್ನೂ ಚಳಿಯಿದೆ ಎಂದರ್ಥ. ನೀವು ಅದನ್ನೇ ಬಿಸಿ ತಿರುಳಿನ, ಅಂದರೆ ಹುಟ್ಟುತ್ತಿರುವ ನಕ್ಷತ್ರದ ಸುತ್ತ ಕಾದ ದಟ್ಟ ಅನಿಲದ, ಗುರುತು ಎಂದು ಬರೆದಿದ್ದೀರಿ; ಪೂರ್ತಿ ತಿರುಗುಮುರುಗು. ಸುಮಾರು 100 ಕೆಲ್ವಿನ್‌ಗೆ ನೀರಿನ ಹಿಮಪದರವೇ ಆವಿಯಾಗಿ, ಒಳಗೆ ಸಿಕ್ಕಿದ್ದ ಮೆಥನಾಲ್ ಒಟ್ಟಿಗೆ ಹೊರಬೀಳುತ್ತದೆ. ಮೀಥೈಲ್ ಫಾರ್ಮೇಟ್, ಡೈಮೀಥೈಲ್ ಈಥರ್‌ನಂಥ ಇನ್ನೂ ದೊಡ್ಡ ಇಂಗಾಲದ ಅಣುಗಳು ಹೇರಳವಾಗಿ ಕಾಣುವುದು ಇಂಥ ಕಡೆ. ಅವು ಕಣದ ಮೇಲೆ ಆದವೋ ಅನಿಲದಲ್ಲೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ, ಹಾಗೆಂದೇ ಬರೆಯಿರಿ. ಕೊನೆಗೆ ನಕ್ಷತ್ರದ ನೇರಳಾತೀತ ಬೆಳಕು ಹೈಡ್ರೋಜನನ್ನೇ ಅಯಾನೀಕರಿಸುತ್ತದೆ. ಸುಮಾರು 10,000 ಕೆಲ್ವಿನ್‌ನ ಆ ಅನಿಲದಲ್ಲಿ ಇಂಥ ಅಣುಗಳು ಉಳಿಯುವುದಿಲ್ಲ.

ದೈತ್ಯ ನಕ್ಷತ್ರಗಳು ಹುಟ್ಟುವ ಓರಿಯನ್ ಕೆಎಲ್ ಪ್ರದೇಶದ ಉಷ್ಣತೆಯನ್ನು ಮೆಥನಾಲ್‌ನ ಒಂದೇ ರೋಹಿತರೇಖೆಯಿಂದ (ಅಣು ಹೊರಸೂಸುವ ನಿರ್ದಿಷ್ಟ ತರಂಗಾಂತರ) ಲೆಕ್ಕ ಹಾಕಿದ್ದೀರಿ. ಅದಾಗದು, ಬೇರೆಬೇರೆ ಶಕ್ತಿಮಟ್ಟಗಳ ಹಲವು ರೇಖೆಗಳು ಬೇಕು. ಜೊತೆಗೆ, ಅದು ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿದೆ. ಒಂಟಿ ತಟ್ಟೆಯ ದೂರದರ್ಶಕದ ನೋಟದಲ್ಲಿ ಬಿಸಿ ತಿರುಳು, ಆಘಾತಕ್ಕೊಳಗಾದ ಅನಿಲ, ಹೊರಗಿನ ತಣ್ಣನೆಯ ಹೊದಿಕೆ ಎಲ್ಲವೂ ಕಲಸಿಹೋಗುತ್ತವೆ. ನಿಮ್ಮ ಅಂಕಿ ಯಾವುದರದ್ದು ಎಂದು ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ.

'ಆಕಾಶದ ಸಾರಾಯಿ' ಎಂಬ ಉಪಶೀರ್ಷಿಕೆ ತೆಗೆಯಿರಿ. ಮೆಥನಾಲ್ ವಿಷ, ಕುಡಿಯುವುದು ಎಥನಾಲ್. ಅಲ್ಲಿ ಉಳಿಯುವ ಜಾಗವನ್ನು ಸ್ಯಾಜಿಟೇರಿಯಸ್ ಬಿ2 ಮೋಡಕ್ಕೆ ಕೊಡಿ. ಇಂಗಾಲದ ಕವಲೊಡೆದ ಐಸೋಪ್ರೊಪೈಲ್ ಸಯನೈಡ್ ಅಲ್ಲಿ ಪತ್ತೆಯಾದದ್ದು 2014ರಲ್ಲಿ, ಅಟಕಾಮಾ ಮರುಭೂಮಿಯ ಆಲ್ಮಾ ದೂರದರ್ಶಕದಿಂದ. ನೀವು ಅದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ. ಒಂದಿಡೀ ಪ್ಯಾರಾ ಬರೆಯಿರಿ.