ಹಳೇ .315 ರೈಫಲ್‌ನಲ್ಲಿ ತೋಟೆ ಸೀಳುತ್ತಿದೆ, ತಪ್ಪು ಕೋವಿಯದಾ ತೋಟೆಯದಾ?

ಕಾರ್ಕಳದ ಹತ್ತಿರ ತೋಟ, ಅಜ್ಜನ ಕಾಲದ .315 ರೈಫಲ್, ಹಂದಿ ಓಡಿಸಲು ಗಾಳಿಯಲ್ಲಿ ಹೊಡೆದರೆ ಖಾಲಿ ತೋಟೆ ಬಿರುಕು ಬಿಟ್ಟು ಬರುತ್ತಿದೆ, ಕೋವಿ ಹೋಯ್ತಾ ಅಂತ ಕೇಳಿದ್ದೀರಿ. ಮೊದಲು ಕೋವಿ ಬದಿಗಿಡಿ. ಕಾರಣ ಗೊತ್ತಾಗುವವರೆಗೆ ಇನ್ನೊಂದು ಈಡು ಬೇಡ.

ನಾನು ಮಂಗಳೂರಿನ ಒಂದು ಕೋವಿ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡಿದವನು. ಇಂಥ ಖಾಲಿ ತೋಟೆ ಕೈಗೆ ಬಂದರೆ ನಾನು ನೋಡುವುದು ಎರಡೇ: ಬಿರುಕು ಎಲ್ಲಿದೆ, ಉದ್ದಕ್ಕಿದೆಯಾ ಅಡ್ಡಕ್ಕಿದೆಯಾ.

ಗುಂಡು ಕೂರುವ ಕುತ್ತಿಗೆಯಲ್ಲಿ ಉದ್ದಕ್ಕೆ ಸೀಳಿದ್ದರೆ ಅನುಮಾನ ತೋಟೆಯ ಮೇಲೆ. ಈ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಕುತ್ತಿಗೆ ಗುಂಡನ್ನು ಬಿಗಿಯಾಗಿ ಹಿಡಿದಿರುವುದರಿಂದ ಅಲ್ಲಿ ಯಾವಾಗಲೂ ಎಳೆತ ಇರುತ್ತದೆ, ಅದಕ್ಕೆ ತೇವ ಮತ್ತು ಅಮೋನಿಯ ಸೇರಿದರೆ ಹೊಡೆಯದೆ ಸುಮ್ನೆ ಇಟ್ಟಲ್ಲೇ ಬಿರುಕು ಬಿಡುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯಕ್ಕೂ ಇದೇ ತಲೆನೋವು. ಮಳೆಗಾಲದಲ್ಲಿ ಕುದುರೆ ಲಾಯದಲ್ಲಿಟ್ಟ ತೋಟೆಗಳು ಸೀಳುತ್ತಿದ್ದವು, ಕುದುರೆ ಮೂತ್ರದ ಅಮೋನಿಯವೇ ಕಾರಣ ಅಂತ ಸ್ಪಷ್ಟವಾದದ್ದು 1921ರಲ್ಲಿ. ನಮ್ಮ ಕಡೆ ಲಾಯ ಇಲ್ಲ, ಆದರೆ ಹಟ್ಟಿ ಇದೆ ಅಲ್ವಾ? ಹಟ್ಟಿಗೆ ತಾಗಿದ ಕೋಣೆ, ಯೂರಿಯಾ ಚೀಲದ ಪಕ್ಕದ ಕಪಾಟು, ಕೋಳಿ ಗೂಡಿನ ಹತ್ತಿರ, ಇಲ್ಲೆಲ್ಲಾ ತೋಟೆ ಇಡಬಾರದು. ಅಮೋನಿಯ ಇರುವ ಪಾಲಿಶ್ ಹಾಕಿ ಹೊಳಪು ಬರಿಸುವವರೂ ಇದ್ದಾರೆ, ಅದೂ ಬೇಡ.

ಅದೇ ಡಬ್ಬಿಯಲ್ಲಿ ಹೊಡೆಯದ ತೋಟೆ ಉಳಿದಿದ್ದರೆ ಹಗಲು ಬೆಳಕಲ್ಲಿ ಭೂತಗನ್ನಡಿ ಹಿಡಿದು ಕುತ್ತಿಗೆ ನೋಡಿ. ಅದರಲ್ಲೂ ಕೂದಲೆಳೆಯಂಥ ಗೆರೆ ಇದ್ದರೆ ತಪ್ಪು ತೋಟೆಯದೇ, ಆ ಡಬ್ಬಿ ಪೂರ್ತಿ ಬಿಟ್ಟುಬಿಡಿ.

ಬುಡದ ಅಂಚಿನಿಂದ ಸ್ವಲ್ಪ ಮೇಲೆ, ಬಳೆಯ ಹಾಗೆ ಅಡ್ಡಕ್ಕೆ ಹೊಳೆಯುವ ಗೆರೆ ಅಥವಾ ಬಿರುಕು ಇದ್ದರೆ ಮಾತ್ರ ನನಗೆ ಭಯ. ತೋಟೆಯ ಹಿಂಬದಿ ಮುಚ್ಚಿ ಹಿಡಿಯುವ ಬೋಲ್ಟ್ ಸವೆದೋ, ಬೇರೆ ಕೋವಿಯ ಬೋಲ್ಟ್ ಹಾಕಿಯೋ, ತೋಟೆಯ ಹಿಂದೆ ಜಾಗ ಜಾಸ್ತಿಯಾಗಿರುತ್ತದೆ. ಹೊಡೆದಾಗ ತೋಟೆಯ ಮುಂಭಾಗ ಉಬ್ಬಿ ಚೇಂಬರಿಗೆ, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗಕ್ಕೆ, ಕಚ್ಚಿಕೊಳ್ಳುತ್ತದೆ, ಬುಡ ಹಿಂದಕ್ಕೆ ಸರಿಯುತ್ತದೆ, ನಡುವೆ ಹಿತ್ತಾಳೆ ಎಳೆದು ತೆಳ್ಳಗಾಗುತ್ತದೆ. ಒಂದು ದಿನ ತುಂಡಾದರೆ ಬಿಸಿ ಗಾಳಿ ನಿಮ್ಮ ಮುಖಕ್ಕೇ. ಒಂದು ತಂತಿಯ ತುದಿ ಚೂಪು ಮಾಡಿ, ಸ್ವಲ್ಪ ಬಾಗಿಸಿ, ಖಾಲಿ ತೋಟೆಯ ಒಳಗೋಡೆಗೆ ಬುಡದಿಂದ ಮೇಲಕ್ಕೆ ಎಳೆದು ನೋಡಿ. ಹಳ್ಳಕ್ಕೆ ತಾಗಿ ತಡೆದರೆ ಅದೇ ಜಾಗ. ತಡೆಯದಿದ್ದರೆ ಕೋವಿ ಸರಿ ಇದೆ ಅಂತಲ್ಲ, ತೋಟೆಯ ಹಿಂದಿನ ಜಾಗ ಅಳೆಯುವ ಗೇಜ್ ಹಾಕಿಯೇ ನೋಡಬೇಕು.

ಮಧ್ಯದ ಮೈ ಉದ್ದಕ್ಕೆ ಸೀಳಿದ್ದರೆ ಎರಡೂ ಇರಬಹುದು. ಖಾಲಿ ತೋಟೆಯನ್ನು ಹೊರಗೆಳೆಯುವ ಕೊಂಡಿಯ ಗೀರು ಬುಡದ ಅಂಚಿನಲ್ಲಿ ಕಾಣುತ್ತದೆ. ಪ್ರತಿಸಲ ಸೀಳು ಆ ಗೀರಿನಿಂದ ಅದೇ ಕಡೆಗೆ ಬಂದಿದ್ದರೆ ಚೇಂಬರಿನ ಗೋಡೆಯಲ್ಲಿ ತುಕ್ಕಿನ ಗುಂಡಿಯೋ ಸವೆತವೋ ಇರಬೇಕು. ಎಲ್ಲೆಲ್ಲೋ ಇದ್ದರೆ ಹಿತ್ತಾಳೆಯದೇ ದೋಷ ಇರಬಹುದು ಅನ್ನಿ.

ಸೀಳಿದ ಖಾಲಿ ತೋಟೆಗಳನ್ನು ಎಸೆಯಬೇಡಿ, ಕೋವಿ ಮತ್ತು ಲೈಸೆನ್ಸ್ ಜೊತೆ ಪರವಾನಗಿ ಇರುವ ರಿಪೇರಿಯವರ ಹತ್ತಿರ ಒಯ್ಯಿರಿ. ಊರಿನ ವೆಲ್ಡಿಂಗ್ ಅಂಗಡಿ ಬೇಡವೇ ಬೇಡ. ಹೊಡೆಯದೆ ಉಳಿದ ಕೆಟ್ಟ ತೋಟೆಗಳನ್ನು ಹೊಳೆಗೆ ಹಾಕಬೇಡಿ, ಅವು ನಿಮ್ಮ ಲೈಸೆನ್ಸಿನ ಲೆಕ್ಕದಲ್ಲಿವೆ. ಏನು ಮಾಡಬೇಕು ಅಂತ ಅಂಗಡಿಯವರನ್ನೋ ಠಾಣೆಯಲ್ಲೋ ಕೇಳಿ.