ಜಿಮ್ಮಿ ಸ್ಟೀವರ್ಟ್ ಹಾರಿಸಿದ ಲಿಬರೇಟರ್: ಮಾಡೆಲ್‌ಗೆ ಯಾವ ಗುರುತು ಹಾಕೋದು?

ಸರ್, ನಿಮ್ಮದು ಎರಡು ಪ್ರಶ್ನೆ. ಹಾಲಿವುಡ್‌ನ ಜೇಮ್ಸ್ ಸ್ಟೀವರ್ಟ್ ಎರಡನೇ ಮಹಾಯುದ್ಧದಲ್ಲಿ ನಿಜವಾಗಿ ಬಾಂಬರ್ ಹಾರಿಸಿದ್ದರಾ, ಇಲ್ಲ ಸುಮ್ನೆ ಪ್ರಚಾರಕ್ಕೆ ಯೂನಿಫಾರ್ಮ್ ತೊಟ್ಟಿದ್ದರಾ? ಹಾರಿಸಿದ್ದರೆ, ನಿಮ್ಮ ಬಿ-24 ಲಿಬರೇಟರ್ ಬಾಂಬರ್‌ನ 1/72 ಅಳತೆಯ ಮಾಡೆಲ್ ಕಿಟ್‌ಗೆ ಯಾವ ಡೆಕಾಲ್ (ಗುರುತಿನ ಸ್ಟಿಕರ್) ಅಂಟಿಸಬೇಕು?

ಹಾರಿಸಿದ್ದರು. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಮೊದಲೇ ಇತ್ತು. 1940ರಲ್ಲಿ ತೂಕ ಸಾಲದು ಅಂತ ಸೈನ್ಯದವರು ವಾಪಸ್ ಕಳಿಸಿದ್ದರು. 1941ರ ಮಾರ್ಚ್‌ನಲ್ಲಿ, ಪರ್ಲ್ ಹಾರ್ಬರ್ ದಾಳಿಗೂ ಮುಂಚೆ, ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಆಗ ಆಸ್ಕರ್ ಸಿಕ್ಕಿ ತಿಂಗಳೂ ತುಂಬಿರಲಿಲ್ಲ! ಆಮೇಲೆ ತರಬೇತಿ ಕೊಡುವ ಕೆಲಸದಲ್ಲೇ ಕೂರಿಸಿದ್ದರು. ಪಟ್ಟು ಹಿಡಿದು 1943ರ ಕೊನೆಗೆ ಇಂಗ್ಲೆಂಡಿನ ಟಿಬೆನ್‌ಹ್ಯಾಮ್ ವಾಯುನೆಲೆಗೆ ಬಂದರು, 703ನೇ ಸ್ಕ್ವಾಡ್ರನ್‌ನ ಕಮಾಂಡರ್ ಆಗಿ. ಒಟ್ಟು 20 ಮಿಷನ್. ಇನ್ನೊಬ್ಬ ಹಾಲಿವುಡ್ ನಟ ಕ್ಲಾರ್ಕ್ ಗೇಬಲ್ ಕೂಡ 5 ಮಿಷನ್ ಹೋಗಿದ್ದರು, ಆದರೆ ಅವರ ಮುಖ್ಯ ಕೆಲಸ ಗನ್ನರ್‌ಗಳ ಬಗ್ಗೆ ಸಿನಿಮಾ ತೆಗೆಯೋದು.

ಇನ್ನು ಗುರುತು. 'ಸ್ಟೀವರ್ಟ್ ವಿಮಾನ' ಅಂತ ಒಂದೇ ಒಂದು ಇಲ್ಲ. ಕಮಾಂಡರ್ ಆದವರು ಬೇರೆ ಬೇರೆ ಸಿಬ್ಬಂದಿ ಜೊತೆ, ಸಾಮಾನ್ಯವಾಗಿ ಬಲಗಡೆ ಸೀಟಲ್ಲಿ ಕೂತು ಹೋಗ್ತಿದ್ದರು. ಹಾಗಾಗಿ ಮೊದಲು ತಾರೀಖು ಆರಿಸಿಕೊಳ್ಳಿ. ನನ್ನ ಆಯ್ಕೆ 1944ರ ಫೆಬ್ರವರಿ 25, ನ್ಯೂರೆಂಬರ್ಗ್ ಪಕ್ಕದ ಫ್ಯೂರ್ತ್ ಮೇಲಿನ ದಾಳಿ. ಅವತ್ತಿನ ವಿಮಾನ 'ಡಿಕ್ಸಿ ಫ್ಲೈಯರ್'. ಕೆಳಗಿಂದ ಹಾರಿಸಿದ ಶೆಲ್ ಒಂದು ಅವರ ಕಾಲ ಬುಡದಲ್ಲೇ ತೂತು ಮಾಡಿತ್ತು. ಹಾಗೇ ಮನೆ ಮುಟ್ಟಿಸಿದರು. ಇಳಿದ ಮೇಲೆ ರೆಕ್ಕೆಯ ಮುಂದೆ ವಿಮಾನದ ಒಡಲೇ ಬಿರುಕು ಬಿಟ್ಟಿತ್ತು. ಡಯೋರಾಮಾ (ಸುತ್ತಲಿನ ದೃಶ್ಯದ ಸಮೇತ ಮಾಡೆಲ್) ಮಾಡೋ ಧೈರ್ಯ ಇದ್ದರೆ ಇದಕ್ಕಿಂತ ಒಳ್ಳೇದು ಸಿಗಲ್ಲ.

ಬಣ್ಣ ಮೇಲೆ ಆಲಿವ್ ಡ್ರ್ಯಾಬ್, ಹೊಟ್ಟೆಗೆ ನ್ಯೂಟ್ರಲ್ ಗ್ರೇ. ಬಾಲದ ಎರಡೂ ರೆಕ್ಕೆಗಳ ಹೊರಮೈಗೆ ಬಿಳಿ ವೃತ್ತ, ಅದರೊಳಗೆ 'ಎಫ್' ಅಕ್ಷರ. ಕಪ್ಪು-ಬಿಳಿ ಪಟ್ಟೆಯ ಬಾಲ ಹಾಕಬೇಡಿ. ಅದು ಬಂದಿದ್ದು ಆಮೇಲೆ, ಅಷ್ಟರಲ್ಲಿ ಇವರು ಓಲ್ಡ್ ಬಕೆನ್‌ಹ್ಯಾಮ್‌ನಲ್ಲಿದ್ದ ಬೇರೊಂದು ಬಾಂಬರ್ ತಂಡ, 453ನೇ ಗ್ರೂಪ್‌ಗೆ ಹೋಗಿ ಆಗಿತ್ತು.

ಮ್ಯೂಸಿಯಂ ಫೋಟೋ ನೋಡಿ ಮಾಡುವವರು ಸ್ವಲ್ಪ ಹುಷಾರು. ಈಗ ಉಳಿದಿರುವ ಲಿಬರೇಟರ್‌ಗಳಲ್ಲಿ ಹಲವು ನಮ್ಮ ವಾಯುಪಡೆಯವೇ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದನ್ನು ಬೆಂಗಳೂರಿನ ಎಚ್‌ಎಎಲ್‌ನವರು ರಿಪೇರಿ ಮಾಡಿದ್ದು. 1968ರವರೆಗೆ ಹಾರಿದವು. ಖುಷಿಯ ವಿಷಯನೇ, ಆದರೆ ಅವು ನಂತರದ ಮಾದರಿ. ನಿಮಗೆ ಬೇಕಾದದ್ದು ಬಿ-24ಎಚ್.

ಕೊನೆಗೊಂದು ಮಾತು, ಒಡಲು ಅಂಟಿಸೋ ಮೊದಲು ಮೂತಿಯೊಳಗೆ ಗಾಳದ ಸೀಸ ತುಂಬಿ. ಇಲ್ಲಾಂದ್ರೆ ಬಾಲ ನೆಲಕ್ಕೆ ಊರಿ ಕೂರುತ್ತೆ, ಆಮೇಲೆ ಬಿಚ್ಚೋಕೂ ಆಗಲ್ಲ.