ಪದ ಬಿಟ್ಟು ರಾಗ ಮಾತ್ರ ಹೋದಾಗ

ಹಾಡು ಬರೆದು ತಾವೇ ಆಲ್ಬಂ ಮಾಡುವವರು ಆಪ್ತಸಮಾಲೋಚಕಿಯಾದ ನನ್ನ ಬಳಿ ಆಗಾಗ ಬರುತ್ತಾರೆ. ಜಾಸ್ತಿ ಜನರ ಕೊರಗು ಒಂದೇ: ಸಿನಿಮಾ, ಸೀರೀಸ್‌ನವರಿಗೆ ಕಳಿಸಿದ ಹಾಡಿಗೆ ಉತ್ತರವೇ ಬರಲ್ಲ. ಒಬ್ಬರದ್ದು ಮಾತ್ರ ಉಲ್ಟಾ. ಇವರ ಹಾಡು ಒಂದು ದೃಶ್ಯಕ್ಕೆ ಆಯ್ಕೆಯಾಗಿತ್ತು. ಅಲ್ಲಿಂದೀಚೆಗೆ ಏಳು ತಿಂಗಳು ಒಂದು ಸಾಲೂ ಬರೆದಿರಲಿಲ್ಲ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಎರಡು ಭೇಟಿ ಬರೀ ಕರಾರಿನ ಮಾತಲ್ಲೇ ಮುಗಿಯಿತು. ಮೂರನೆಯ ಸಲ ಸುಮ್ನೆ ಕೇಳಿದೆ, "ಆ ದೃಶ್ಯ ನೋಡಿದ್ರಾ?"

"ನೋಡಿದೆ ಮೇಡಂ. 37 ಸೆಕೆಂಡು. ಪದ ಇಲ್ಲ, ರಾಗ ಮಾತ್ರ. ಅದರ ಮೇಲೆ ಇಬ್ಬರು ಜಗಳ ಆಡ್ತಿದ್ರು." ಸ್ವಲ್ಪ ಹೊತ್ತು ಬಿಟ್ಟು, "ಆ ಪದಗಳು ನನ್ನ ತಮ್ಮ" ಎಂದರು.

ತಮ್ಮ ತೀರಿಕೊಂಡ ವರ್ಷ ಬರೆದ ಹಾಡಂತೆ.

"ಪದ ಇಲ್ಲದ ಟ್ರ್ಯಾಕ್ ಕೊಟ್ಟಿದ್ದು ಯಾರು?"

"ನಾನೇ. ಡೈಲಾಗ್‌ಗೆ ಹಾಡಿನ ದನಿ ಅಡ್ಡ ಬರುತ್ತೆ, ಇನ್‌ಸ್ಟ್ರುಮೆಂಟಲ್ ಕೇಳೇ ಕೇಳ್ತಾರೆ. ಗೊತ್ತಿದ್ದೂ ಕೊಟ್ಟೆ. ತಮ್ಮನ್ನ ಮಾರಿದ ಹಾಗಾಯ್ತು."

ಆಗ ಇನ್ನೊಂದು ವಿಷಯ ಅರ್ಥವಾಯಿತು. ಆ ಹಾಡನ್ನು ಅವರು ಹಾಡು ಪ್ರಸಾರವಾದಾಗ ಬರೆದವರಿಗೆ ಹಣ ಹಂಚುವ ರಾಯಲ್ಟಿ ಸಂಘದಲ್ಲಿ ನೋಂದಾಯಿಸಿಯೇ ಇರಲಿಲ್ಲ. ಪ್ರಸಾರದ ಹಣ ಹಂಚುವುದು ಕ್ಯೂ ಶೀಟ್ ನೋಡಿ. ಹಾಡು ಯಾವುದು, ಬರೆದವರು ಯಾರು, ಎಷ್ಟು ಸೆಕೆಂಡು ಬಂತು, ಎಲ್ಲ ಅದರಲ್ಲಿರುತ್ತದೆ. ನೋಂದಣಿಯೇ ಇಲ್ಲದಿದ್ದರೆ ಹಣ ಯಾರ ಹೆಸರಿಗೆ ಬರಬೇಕು? ನಾನು ಸೋಮಾರಿತನ ಅಂದುಕೊಂಡಿದ್ದೆ. ಅದು ತನಗೆ ತಾನೇ ಹಾಕಿಕೊಂಡ ದಂಡ.

ಮೊದಲು ನೋಂದಣಿ ಮಾಡಿಸಿ ಎಂದೆ. ಜೊತೆಗೆ, ಯಾವ ಬೆಲೆಗೂ ಪರದೆಗೆ ಕೊಡದ ಹಾಡುಗಳ ಪಟ್ಟಿ ಮಾಡಿಸಿದೆ. ಇಂಥ ಹಾಡು ನಿಮ್ಮ ಬಳಿಯೂ ಇದ್ದರೆ ಪಟ್ಟಿಯನ್ನು ಈಗಲೇ ಬರೆದಿಡಿ. ಆಫರ್ ಬಂದ ದಿನ ಯೋಚಿಸಲು ಪುರುಸೊತ್ತು ಸಿಗಲ್ಲ, ಬಾಡಿಗೆ ಬಾಕಿ ಇದ್ದರಂತೂ ಮುಗಿಯಿತು. ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ದೃಶ್ಯಕ್ಕೆ ಬಳಸಲು ಎರಡಕ್ಕೂ ಒಪ್ಪಿಗೆ ಬೇಕು. ಸ್ವತಂತ್ರವಾಗಿ ದುಡಿಯುವವರ ಕೈಯಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಬೇಡ ಅನ್ನುವ ಬಲ ಅದು.

"ದುಃಖ ಮೊದಲು ನೋಡಬೇಕಿತ್ತು, ಅರ್ಜಿ ತುಂಬಿಸೋದು ನಮ್ಮ ಕೆಲಸವಾ?" ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಇವರ ದುಃಖ ಅಡಗಿ ಕೂತಿದ್ದೇ ಆ ಅರ್ಜಿಯಲ್ಲಿ. "ನಿಮ್ಮ ತಮ್ಮ ಇದ್ದಿದ್ದರೆ ಖುಷಿಪಡುತ್ತಿದ್ದರು" ಅಂತ ಮಾತ್ರ ನಾನು ಹೇಳಲಿಲ್ಲ. ಆ ಹುಡುಗ ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಸಲ ಪಟ್ಟಿ ತಂದರು, ಹನ್ನೊಂದು ಹಾಡು. ಆ ಹಾಡು ಅದರಲ್ಲಿರಲಿಲ್ಲ. "ಅದು ಆಗಲೇ ಹೋಗಿದೆ, ಅಲ್ವಾ?" ಎಂದರು. ನೋಂದಣಿ ಅರ್ಜಿಯೂ ಕೈಯಲ್ಲಿತ್ತು. 'ಬರೆದವರು' ಎಂಬಲ್ಲಿ ಮಾತ್ರ ಖಾಲಿ. ಅದನ್ನು ನನ್ನೆದುರೇ ಕೂತು ತುಂಬಿದರು.